ವಾಯಿದಾ ಕೇಳುತ್ತಿದ್ದ ಹುಡುಗಿ: ಒಬ್ಬ ಕಿರಿಯ ವಕೀಲೆಯ ಪ್ರಕರಣ

ತುಮಕೂರಿನ ನನ್ನ ಕಚೇರಿಯಲ್ಲಿ ಆರು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದ ಒಬ್ಬ ಕಿರಿಯ ವಕೀಲೆಯ ವಿಷಯ ಇದು. ಆಕೆಯ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಬರೆದದ್ದನ್ನು ಆಕೆಗೆ ಓದಲು ಕೊಟ್ಟೆ. ಎರಡು ಕಡೆ ತಿದ್ದಿದಳು. ಆ ತಿದ್ದುಪಡಿಗಳನ್ನೂ ಹಾಗೆಯೇ ಸೇರಿಸಿದ್ದೇನೆ. ಆಕೆಯ ಹೆಸರು ಹಾಕಿಲ್ಲ. ಕಕ್ಷಿದಾರರ ಸರ್ವೆ ನಂಬರು ಬದಲಿಸಿದ್ದೇನೆ.

ಯಾಕೆ ಬರೆಯುತ್ತಿದ್ದೇನೆ ಎಂದರೆ, ಹಿಂಜರಿಯುವ ಜೂನಿಯರ್‌ಗಳು ಪ್ರತಿ ವಕೀಲರ ಕಚೇರಿಯಲ್ಲೂ ಇದ್ದಾರೆ. ನಾವು ಸೀನಿಯರ್‌ಗಳು ಅವರಿಗೆ ಹೇಳುವುದು ಒಂದೇ ಮಾತು, "ಸ್ವಲ್ಪ ಧೈರ್ಯ ಮಾಡಮ್ಮ" ಅಂತ. ಆ ಮಾತಿನಿಂದ ಏನೂ ಆಗುವುದಿಲ್ಲ ಎಂದು ನನಗೆ ತಿಳಿಯಲು ಒಂದೂವರೆ ವರ್ಷ ಬೇಕಾಯಿತು. ಅಷ್ಟು ದಿನ ಹಾಳಾದದ್ದು ಆಕೆಯ ಕಾಲ.

ಬಂದ ಹೊಸತು

ಆಕೆ ಗುಬ್ಬಿ ಕಡೆಯ ಹಳ್ಳಿಯವಳು. ಅಪ್ಪನಿಗೆ ಸ್ವಲ್ಪ ತೆಂಗಿನ ತೋಟ. ಪಿಯುಸಿವರೆಗೆ ಕನ್ನಡ ಮಾಧ್ಯಮ. ಕಾನೂನು ಓದಿದ್ದು ಅರ್ಧ ಇಂಗ್ಲಿಷ್, ಅರ್ಧ ಕನ್ನಡದಲ್ಲಿ. ರಾಜ್ಯ ವಕೀಲರ ಪರಿಷತ್ತಿನಲ್ಲಿ ಸನ್ನದು ಪಡೆದು, ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡದಲ್ಲೇ ಬರೆದು ಪಾಸಾಗಿದ್ದಳು. 2018ರ ಜುಲೈನಲ್ಲಿ ನನ್ನ ಕಚೇರಿಗೆ ಬಂದಳು. ಬೆಳಿಗ್ಗೆ ರೈಲಿನಲ್ಲೋ ಬಸ್ಸಿನಲ್ಲೋ ಬಂದು, ಸಂಜೆ ಹಾಗೆಯೇ ಹೋಗುತ್ತಿದ್ದಳು.

ಕಚೇರಿಯ ಒಳಗೆ ಆಕೆಯ ಕೆಲಸ ಚೆನ್ನಾಗಿತ್ತು. ಫೈಲು ಓದುತ್ತಿದ್ದಳು. ನಾನು ಕೇಳಿದರೆ ಯಾವ ದಾಖಲೆ ಎಷ್ಟನೇ ಪುಟದಲ್ಲಿದೆ ಎಂದು ಹೇಳುತ್ತಿದ್ದಳು. ದಾವಾ ಪತ್ರದ ಕರಡು ಬರೆದರೆ ನಾನು ತಿದ್ದುವುದು ಕಡಿಮೆ ಇರುತ್ತಿತ್ತು. ಕೋರ್ಟು ಹಾಲಿಗೆ ಕಾಲಿಟ್ಟರೆ ಬೇರೆ ಹುಡುಗಿ. ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ನಿಲ್ಲುತ್ತಿದ್ದಳು. ನಮ್ಮ ಕೇಸು ಕೂಗಿದಾಗ ಎದ್ದು ಬಂದು ಹೇಳುತ್ತಿದ್ದದ್ದು ಎರಡೇ ಮಾತು. "ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ, ಪಾಸ್ ಓವರ್ ಕೊಡಿ." ಇಲ್ಲದಿದ್ದರೆ, "ವಾಯಿದಾ ಕೊಡಿ." ಅಂದರೆ ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ, ಇಲ್ಲವೇ ಇನ್ನೊಂದು ದಿನಕ್ಕೆ ಮುಂದೂಡಿ ಎಂದು.

ನನಗೆ ಅದು ಅನುಕೂಲವಾಗಿತ್ತು. ಇದನ್ನು ಮುಚ್ಚಿಡದೆ ಹೇಳಬೇಕು. ಒಂದೇ ದಿನ ನಾಲ್ಕು ಹಾಲುಗಳಲ್ಲಿ ಕೇಸು ಇರುವ ವಕೀಲನಿಗೆ ವಾಯಿದಾ ಕೇಳಲು ಒಬ್ಬರು ಬೇಕು. ಆಕೆ ಮಾತಾಡದಿದ್ದರೆ ನನಗೇನೂ ನಷ್ಟ ಇರಲಿಲ್ಲ.

ನಾಲ್ಕು ಪದ

2019ರ ನವೆಂಬರಿನಲ್ಲಿ ಒಂದು ದಿನ ನಮ್ಮ ಕಕ್ಷಿದಾರರಿಗೆ ಸಿಕ್ಕಿದ್ದ ತಾತ್ಕಾಲಿಕ ತಡೆಯಾಜ್ಞೆಯ ಅವಧಿ ಮುಗಿಯುವುದಿತ್ತು. ಆ ದಿನ ಕೇಳಬೇಕಿದ್ದದ್ದು ಇಷ್ಟೇ: "ಹಿಂದಿನ ತಡೆಯಾಜ್ಞೆ ಮುಂದುವರಿಸಬೇಕು, ಸ್ವಾಮಿ." ನಾನು ಇನ್ನೊಂದು ಹಾಲಿನಲ್ಲಿ ಸಾಕ್ಷಿ ವಿಚಾರಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಆಕೆಯನ್ನು ಕಳಿಸಿದೆ.

ನ್ಯಾಯಾಧೀಶರು ಕೇಳಿದ್ದು ಸಾಮಾನ್ಯ ಪ್ರಶ್ನೆ. ಎದುರು ಪಕ್ಷದ ಎರಡನೆಯವರಿಗೆ ನೋಟಿಸ್ ಜಾರಿಯಾಗಿದೆಯೇ? ಉತ್ತರ ಆಕೆಯ ಕೈಯಲ್ಲಿದ್ದ ಫೈಲಿನ ಮೇಲೆಯೇ ಇತ್ತು. ಆಕೆಯೇ ಹಿಂದಿನ ದಿನ ಪೆನ್ಸಿಲಿನಲ್ಲಿ ಬರೆದಿದ್ದಳು. ಬಾಯಿ ಬರಲಿಲ್ಲ. ಅರ್ಧ ನಿಮಿಷ ಸುಮ್ಮನೆ ನಿಂತಳು. ಎದುರಿನ ವಕೀಲರು ಎದ್ದು, ಅರ್ಜಿದಾರರಿಗೆ ಆಸಕ್ತಿ ಇಲ್ಲವೆಂದು ಕಾಣುತ್ತದೆ ಎಂದರು. ತಡೆಯಾಜ್ಞೆ ಮುಂದುವರಿಯಲಿಲ್ಲ.

ಹತ್ತು ದಿನದಲ್ಲಿ ಮತ್ತೆ ಅರ್ಜಿ ಹಾಕಿ ಅದನ್ನು ಸರಿಪಡಿಸಿದೆವು. ಕಕ್ಷಿದಾರರಿಗೆ ದೊಡ್ಡ ತೊಂದರೆ ಆಗಲಿಲ್ಲ. ಆಕೆಗೆ ಮಾತ್ರ ಆಯಿತು. ಮಾರನೆಯ ದಿನ ತನ್ನ ಮೇಜಿನ ಫೈಲುಗಳನ್ನೆಲ್ಲ ಜೋಡಿಸಿಟ್ಟು ನನ್ನ ಮುಂದೆ ಬಂದು ನಿಂತಳು.

"ಸರ್, ನಾನು ಎಸ್‌ಡಿಎ ಪರೀಕ್ಷೆಗೆ ಓದ್ಕೋತೀನಿ. ಇದು ನನ್ನಿಂದ ಆಗಲ್ಲ." ಎಸ್‌ಡಿಎ ಎಂದರೆ ಸರ್ಕಾರಿ ಕಚೇರಿಯ ಗುಮಾಸ್ತೆ ಹುದ್ದೆ.

ನಾನು ಅರ್ಧ ಗಂಟೆ ಬುದ್ಧಿ ಹೇಳಿದೆ. ನಾನೂ ಮೊದಮೊದಲು ಹೆದರುತ್ತಿದ್ದೆ ಎಂದೆ. ನೀನು ಜಾಣೆ, ನಿನಗೇನು ಕಮ್ಮಿ ಎಂದೆ. ಆಕೆ ತಲೆ ತಗ್ಗಿಸಿಕೊಂಡು ಎಲ್ಲ ಕೇಳಿದಳು. ಕೊನೆಗೆ, "ಆಯ್ತು ಸರ್, ಈ ತಿಂಗಳು ಮುಗಿಸಿ ಹೋಗ್ತೀನಿ" ಎಂದಳು.

ಡೈರಿ ತೆಗೆದಾಗ

ಆ ಸಂಜೆ ಕಚೇರಿಯ ಡೈರಿ ತೆಗೆದು ಕೂತೆ. ವಕೀಲರ ಡೈರಿಯಲ್ಲಿ ಪ್ರತಿ ಕೇಸಿಗೂ ಒಂದು ಸಾಲು. ಹಿಂದಿನ ತಾರೀಖು, ಕೇಸಿನ ನಂಬರು, ಪಕ್ಷಗಾರರ ಹೆಸರು, ಯಾವ ಹಂತ, ಮುಂದಿನ ತಾರೀಖು. ಮೂರು ತಿಂಗಳ ಪುಟಗಳನ್ನು ತಿರುವಿದೆ. ಆಕೆಯ ಕೈಬರಹ ಇದ್ದದ್ದು ಕೊನೆಯ ಅಂಕಣದಲ್ಲಿ ಮಾತ್ರ. ಮುಂದಿನ ತಾರೀಖು, ಮುಂದಿನ ತಾರೀಖು, ಮುಂದಿನ ತಾರೀಖು.

ಆಮೇಲೆ ಫೈಲುಗಳನ್ನು ತೆಗೆದೆ. ಕಕ್ಷಿದಾರರು ವಕೀಲರನ್ನು ನೇಮಿಸಿ ಬರೆದುಕೊಡುವ ಪತ್ರ ವಕಾಲತ್ತು. ಒಂದೇ ಒಂದು ವಕಾಲತ್ತಿನಲ್ಲೂ ಆಕೆಯ ಹೆಸರಿರಲಿಲ್ಲ. ನನ್ನ ಹೆಸರು, ನನ್ನ ಸಹಿ, ನನ್ನ ಸೀಲು. ಆಕೆ ಬರೆದ ಕರಡುಗಳ ಕೆಳಗೂ ನನ್ನದೇ ಸಹಿ. ಕೋರ್ಟಿನಲ್ಲಿ ಎದ್ದು ನಿಂತಾಗ "ಇದು ನನ್ನ ಕೇಸು" ಎಂದುಕೊಳ್ಳಲು ಆಕೆಗೆ ಏನೂ ಇರಲಿಲ್ಲ. ಉತ್ತರ ಕೊಡುವ ಹೊಣೆ ಆಕೆಯದು, ನಿರ್ಧಾರ ನನ್ನದು. ಇಂಥ ಜಾಗದಲ್ಲಿ ನಿಲ್ಲಿಸಿದರೆ ಯಾರಿಗಾದರೂ ಬಾಯಿ ಕಟ್ಟುತ್ತದೆ, ಅಲ್ವಾ?

ಸಂಬಳದ ವಿಷಯವೂ ಇದೆ. ನಾನು ಮೊದಲು ಇಲ್ಲಿ "ತಿಂಗಳಿಗೆ 3000 ರೂಪಾಯಿ ಕೊಡುತ್ತಿದ್ದೆ" ಎಂದು ಬರೆದಿದ್ದೆ. ಆಕೆಯ ಮೊದಲ ತಿದ್ದುಪಡಿ ಇಲ್ಲೇ: "ಮೊದಲ ಮೂರು ತಿಂಗಳು ಏನೂ ಇರಲಿಲ್ಲ ಸರ್. ನಾಲ್ಕನೇ ತಿಂಗಳಿಂದ ಕೊಟ್ಟಿರಿ." ನನಗೆ ಮರೆತುಹೋಗಿತ್ತು. ಆಕೆಗೆ ಮರೆತಿಲ್ಲ. ಬಸ್ಸು, ಊಟ ಎಲ್ಲ ಆ ಮೂರು ತಿಂಗಳು ಮನೆಯಿಂದ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕು ಎಂಬ ಶಿಫಾರಸು. ಬರೀ ಶಿಫಾರಸು, ಕಡ್ಡಾಯ ಅಲ್ಲ. ಅಪ್ಪನ ತೋಟದ ದುಡ್ಡಿನಲ್ಲಿ ಬಸ್ಸು ಹತ್ತಿ ಬರುವ ಹುಡುಗಿ ಕೋರ್ಟಿನಲ್ಲಿ ಎದೆ ಎತ್ತಿ ಮಾತಾಡಬೇಕು ಎಂದು ನಾವು ಬಯಸುತ್ತೇವೆ. ಹಿಂಜರಿಕೆಗೂ ಜೇಬಿಗೂ ಸಂಬಂಧ ಇದೆ ಎಂದು ನಾನು ಈಗ ಖಂಡಿತ ನಂಬುತ್ತೇನೆ.

ಮೊದಲ ಮಾತು

ಮರುದಿನ ಬುದ್ಧಿ ಹೇಳುವುದನ್ನು ಬಿಟ್ಟು ಪ್ರಶ್ನೆ ಕೇಳಿದೆ. ನಿನಗೆ ನಿಜವಾಗಿ ಏನಾಗುತ್ತದೆ, ಹೇಳು.

"ಕೂತಾಗ ಎಲ್ಲ ಗೊತ್ತಿರುತ್ತೆ ಸರ್. ಎದ್ದ ತಕ್ಷಣ ಮೊದಲ ಮಾತು ಸಿಗಲ್ಲ. ಇಂಗ್ಲಿಷಲ್ಲಿ ಶುರು ಮಾಡ್ಬೇಕು ಅನ್ಸುತ್ತೆ. ಒಂದು ಪದ ತಪ್ಪಿದ್ರೆ ಹಿಂದಿನ ಸಾಲಲ್ಲಿ ನಗ್ತಾರೆ."

ಇದು ಕೇಳಿ ನನಗೆ ಆಶ್ಚರ್ಯವಾಯಿತು. ಹೈಕೋರ್ಟಿನಲ್ಲಿ ಇಂಗ್ಲಿಷ್ ಬೇಕು. ಅದು ಸಂವಿಧಾನದ 348ನೇ ವಿಧಿಯಲ್ಲೇ ಇದೆ. ನಮ್ಮ ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಸಾಕ್ಷಿ ಹೇಳುವವರು ಮಾತಾಡುವುದು ಕನ್ನಡ, ಪಾಟೀಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಕನ್ನಡ, ಬಹಳಷ್ಟು ವಾದವೂ ಕನ್ನಡ. ಕನ್ನಡದಲ್ಲಿ ಮಾತಾಡಲು ಆಕೆಗೆ ಯಾರ ಅನುಮತಿಯೂ ಬೇಕಾಗಿರಲಿಲ್ಲ. ಆದರೂ ಕರಿ ಕೋಟು ಹಾಕಿದ ಮೇಲೆ ಇಂಗ್ಲಿಷೇ ಬರಬೇಕು ಎಂದು ಆಕೆ ಅಂದುಕೊಂಡಿದ್ದಳು. ಯಾರೂ ಹಾಗೆ ಹೇಳಿರಲಿಲ್ಲ. ನಾವು ಹಾಲಿನ ಹೊರಗೆ ಒಬ್ಬರಿಗೊಬ್ಬರು ಮಾತಾಡುವ ರೀತಿ ನೋಡಿಯೇ ಕಲಿತಿದ್ದಳು.

ಮಾಡಿದ ಮೊದಲ ಕೆಲಸ ತೀರಾ ಚಿಕ್ಕದು. ಎರಡು ವಾರ ಆಕೆಗೆ ವಾಯಿದಾ ಕೇಳುವ ಕೆಲಸ ಇಲ್ಲ. ಒಂದು ನೋಟ್‌ಬುಕ್ ಹಿಡಿದು ಹಾಲಿನಲ್ಲಿ ಕೂರಬೇಕು. ಪ್ರತಿ ವಕೀಲರೂ ಎದ್ದಾಗ ಹೇಳುವ ಮೊದಲ ವಾಕ್ಯ ಬರೆದುಕೊಳ್ಳಬೇಕು. ಮೊದಲ ವಾಕ್ಯ ಮಾತ್ರ. ಎರಡು ವಾರದ ಕೊನೆಗೆ ಆಕೆ ತಂದ ಪಟ್ಟಿ ನೋಡಿ ಇಬ್ಬರಿಗೂ ಒಂದು ವಿಷಯ ಸ್ಪಷ್ಟವಾಯಿತು. ಹೆಸರು ಮಾಡಿದ ವಕೀಲರ ಮೊದಲ ವಾಕ್ಯದಲ್ಲೂ ವಿಶೇಷ ಏನೂ ಇರುವುದಿಲ್ಲ. "ಇದು ಎರಡನೇ ಪ್ರತಿವಾದಿಯ ತಕರಾರಿಗೆ ಇಟ್ಟ ಕೇಸು." "ನಾನು ವಾದಿಯ ಪರ, ದಾಖಲೆ ಹಾಜರುಪಡಿಸುತ್ತೇನೆ." ಕೇಸು ಯಾವ ಹಂತದಲ್ಲಿದೆ, ನಾನು ಯಾರ ಪರ, ಈ ದಿನ ನನಗೆ ಏನು ಬೇಕು. ಇಷ್ಟೇ ಇರುತ್ತದೆ.

ಅಂದಿನಿಂದ ಪ್ರತಿ ಫೈಲಿನ ಒಳಗೆ ಒಂದು ಚಿಕ್ಕ ಚೀಟಿ. ಅದರಲ್ಲಿ ಈ ದಿನದ ಮೊದಲ ವಾಕ್ಯ, ಆಕೆಯ ಕೈಯಲ್ಲೇ, ಕನ್ನಡದಲ್ಲಿ. ಚೀಟಿ ನೋಡಿ ಓದಿದರೂ ಪರವಾಗಿಲ್ಲ ಎಂದೆ. ಮೊದಮೊದಲು ಓದುತ್ತಿದ್ದಳು.

ಎರಡನೆಯದು ವಕಾಲತ್ತು. ಹೊಸದಾಗಿ ಬರುವ ಪ್ರತಿ ಕೇಸಿನಲ್ಲೂ ಆಕೆಯ ಹೆಸರು ಸೇರಿಸಿದೆ. ಐದು ಚಿಕ್ಕ ಕೇಸುಗಳಲ್ಲಿ ಆಕೆಯ ಹೆಸರು ಮೊದಲು, ನನ್ನದು ಕೆಳಗೆ. ಅವುಗಳಲ್ಲಿ ಯಾವ ದಾಖಲೆ ತರಿಸಬೇಕು, ಯಾವ ಸಾಕ್ಷಿ ಕರೆಸಬೇಕು ಎನ್ನುವುದು ಆಕೆಯ ತೀರ್ಮಾನ. ತಪ್ಪಾದರೆ ಕಚೇರಿಯಲ್ಲಿ ಮಾತಾಡೋಣ, ಹಾಲಿನಲ್ಲಿ ನಾನು ಎದ್ದು ಬಾಯಿ ಹಾಕುವುದಿಲ್ಲ ಎಂದು ಮಾತು ಕೊಟ್ಟೆ. ಈ ಮಾತು ಉಳಿಸಿಕೊಳ್ಳುವುದು ನನಗೆ ಬಹಳ ಕಷ್ಟವಾಯಿತು.

ಎಸ್‌ಡಿಎ ಪುಸ್ತಕ ಆಕೆಯ ಚೀಲದಲ್ಲೇ ಇತ್ತು. ಅದನ್ನು ತೆಗೆದಿಡು ಎಂದು ನಾನು ಹೇಳಲಿಲ್ಲ.

ಹೆಂಗಸರ ಮುಂದೆ

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾನೂನು ಅರಿವು ಕಾರ್ಯಕ್ರಮಗಳು ಹಳ್ಳಿಗಳಲ್ಲಿ ನಡೆಯುತ್ತಿರುತ್ತವೆ. 2020ರ ಫೆಬ್ರವರಿಯಲ್ಲಿ ಒಂದಕ್ಕೆ ನನ್ನನ್ನು ಕರೆದಿದ್ದರು. ಆಕೆಯನ್ನೂ ಕರೆದುಕೊಂಡು ಹೋದೆ. ಶಾಲೆಯ ಜಗಲಿ, ಮುಂದೆ ಅರವತ್ತು ಎಪ್ಪತ್ತು ಹೆಂಗಸರು. ಹತ್ತು ನಿಮಿಷ ನೀನು ಮಾತಾಡು ಎಂದೆ.

ನಲವತ್ತು ನಿಮಿಷ ಮಾತಾಡಿದಳು! 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ ಎಂದು ಹೇಳಿದಳು. ಒಬ್ಬ ಅಜ್ಜಿ ಎದ್ದು, "ಹಂಗಾರೆ ನನ್ ಸೊಸೆಗೂ ಕೊಡ್ತಾರಾ, ನನ್ ಮೇಲೆ ಹಾಕಕ್ಕೆ?" ಎಂದಾಗ ಎಲ್ಲರೂ ನಕ್ಕರು. ಆಕೆಯೂ ನಕ್ಕು, "ಇಬ್ಬರಿಗೂ ಕೊಡ್ತಾರೆ ಅಜ್ಜಿ, ಆದ್ರೆ ಅದಕ್ಕೆ ಮೊದಲು ಇಬ್ಬರನ್ನೂ ಕೂರಿಸಿ ಮಾತಾಡಿಸ್ತಾರೆ" ಎಂದು ಲೋಕ ಅದಾಲತ್ತಿನ ವಿಷಯಕ್ಕೆ ಹೋದಳು.

ಹಿಂದೆ ಕೂತು ನೋಡುತ್ತಿದ್ದ ನನಗೆ ಆ ದಿನ ಅರ್ಥವಾಯಿತು. ಆಕೆಗೆ ಮಾತು ಬರುತ್ತದೆ. ಮೊದಲಿಂದಲೂ ಬರುತ್ತಿತ್ತು. ತನಗಿಂತ ಜಾಸ್ತಿ ತಿಳಿದವರು ತನ್ನನ್ನು ಅಳೆಯುತ್ತಿದ್ದಾರೆ ಎನಿಸಿದ ಕಡೆ ಮಾತ್ರ ಅದು ನಿಲ್ಲುತ್ತಿತ್ತು. ಹಾಗಾದರೆ ಒಂದು ಫೈಲಿನ ಬಗ್ಗೆ ಹಾಲಿನಲ್ಲಿ ಎಲ್ಲರಿಗಿಂತ ಜಾಸ್ತಿ ತಿಳಿದವಳು ಆಕೆಯೇ ಆಗಿರುವಂತೆ ಮಾಡಬೇಕು. ನಮ್ಮ ದಾರಿ ಅಲ್ಲಿಂದ ನೇರವಾಯಿತು.

ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಕೋರ್ಟು ಮುಚ್ಚಿತು. ಆಕೆ ಊರಿಗೆ ಹೋಗುವಾಗ ಐದು ಫೈಲುಗಳ ಜೆರಾಕ್ಸ್ ತೆಗೆದುಕೊಂಡು ಹೋದಳು. ವಾಪಸ್ ಬಂದಾಗ ಪ್ರತಿಯೊಂದಕ್ಕೂ ಒಂದು ಹಾಳೆಯ ತಾರೀಖು ಪಟ್ಟಿ ಮಾಡಿದ್ದಳು. ಯಾವ ದಿನ ಏನಾಯಿತು, ಅದಕ್ಕೆ ಯಾವ ದಾಖಲೆ. ಈಗ ನಮ್ಮ ಕಚೇರಿಯ ಪ್ರತಿ ಫೈಲಿನಲ್ಲೂ ಅಂಥ ಹಾಳೆ ಇದೆ.

ಕೆಟ್ಟ ಪಾಟೀಸವಾಲು

ಎಲ್ಲ ಸರಾಗವಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಆಕೆಯ ಮೊದಲ ಪಾಟೀಸವಾಲು ಕೆಟ್ಟದಾಗಿ ಹೋಯಿತು.

ಕೈಸಾಲದ ಒಂದು ಕೇಸು. ಪ್ರೋನೋಟಿನ, ಅಂದರೆ ಸಾಲ ತೀರಿಸುತ್ತೇನೆಂದು ಬರೆದುಕೊಟ್ಟ ಪತ್ರದ ಮೇಲೆ ದಾವೆ. ನಾವು ಪ್ರತಿವಾದಿಯ ಪರ. ಸಾಲ ತೀರಿಸಿದ್ದೇನೆ, ಪ್ರೋನೋಟು ವಾಪಸ್ ಕೊಟ್ಟಿಲ್ಲ ಎನ್ನುವುದು ನಮ್ಮ ಕಕ್ಷಿದಾರನ ಮಾತು. ಆಕೆ ಹತ್ತು ಪ್ರಶ್ನೆ ಚೆನ್ನಾಗಿ ಕೇಳಿದಳು. ಹನ್ನೊಂದನೆಯದು: "ಹಣ ವಾಪಸ್ ಬಂದಿದ್ದರೂ ನೀವು ಯಾಕೆ ದಾವೆ ಹಾಕಿದಿರಿ?"

"ಯಾಕೆ" ಎನ್ನುವುದು ಸಾಕ್ಷಿಗೆ ಬಾಗಿಲು ತೆಗೆದ ಹಾಗೆ. ವಾದಿ ಸರಿಯಾಗಿ ಒಳಗೆ ಬಂದ. ಇವನು ಮಗಳ ಮದುವೆ ಅಂತ ಕಣ್ಣೀರು ಹಾಕಿಕೊಂಡು ಬಂದ, ನನ್ನ ಹೆಂಡತಿಯ ಒಡವೆ ಅಡ ಇಟ್ಟು ಕೊಟ್ಟೆ, ಕೇಳಲು ಹೋದರೆ ಬೈದು ಕಳಿಸಿದ. ಎಲ್ಲವೂ ಸಾಕ್ಷ್ಯದಲ್ಲಿ ದಾಖಲಾಯಿತು. ನಾನು ಹಿಂದೆ ಕೂತು ಕೈ ಬಿಗಿ ಹಿಡಿದಿದ್ದೆ. ಏಳಲಿಲ್ಲ.

ಇನ್ನು ಆಕೆ ಬರುವುದಿಲ್ಲ ಎಂದುಕೊಂಡೆ. ಮೂರನೆಯ ದಿನ ಬಂದಳು. ಕೈಯಲ್ಲಿ ಆ ಸಾಕ್ಷ್ಯದ ನಕಲು. ಪ್ರತಿ ಪ್ರಶ್ನೆಯ ಪಕ್ಕ ಕೆಂಪು ಇಂಕಿನಲ್ಲಿ, ತಾನು ಹೇಗೆ ಕೇಳಬೇಕಿತ್ತು ಎಂದು ಬರೆದಿದ್ದಳು. ಹನ್ನೊಂದನೆಯದರ ಪಕ್ಕ: "ಯಾಕೆ ಕೇಳಬೇಡ. ಎಲ್ಲಿ, ಯಾವಾಗ, ಎಷ್ಟು." ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಆಕೆ ವಕೀಲೆ ಆದದ್ದು ಯಾವ ದಿನ ಎಂದು ಯಾರಾದರೂ ಕೇಳಿದರೆ ನಾನು ಆ ದಿನವನ್ನೇ ಹೇಳುತ್ತೇನೆ. ಆ ಕೇಸು ನಾವು ಸೋತೆವು.

ಅರವತ್ತೊಂದು ಬಾರ್ ಎರಡು

2020ರ ಕೊನೆಯಲ್ಲಿ ಒಬ್ಬ ಹೆಂಗಸು ಬಂದರು. ವಯಸ್ಸು ಅರವತ್ತರ ಹತ್ತಿರ, ಓದು ಬರಹ ಇಲ್ಲ. ಬಟ್ಟೆ ಚೀಲದಲ್ಲಿ ಪಹಣಿಗಳು. ಅಪ್ಪ 1998ರಲ್ಲಿ ತೀರಿಕೊಂಡಿದ್ದರು. ಅವ್ವನೂ ಇಲ್ಲ. ತೆಂಗಿನ ತೋಟ, ಒಂದಿಷ್ಟು ಹೊಲ, ಎಲ್ಲ ಇಬ್ಬರು ಅಣ್ಣಂದಿರ ಕೈಯಲ್ಲಿ.

"ಮೂರ್ ವರ್ಷದ್ ಹಿಂದೆ ಕೇಳ್ದಾಗ ನಿನಗೆ ಸಮಪಾಲು ಇಲ್ಲ ಅಂದ್ರು. ಈಗ ಐತೆ ಅಂತಾರೆ. ಐತೋ ಇಲ್ವೋ ಹೇಳು ಲಾಯರಮ್ಮ."

ಅವರು ಕೇಳಿದ್ದು ಆಕೆಯನ್ನು. ನಾನು ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುತ್ತಿದ್ದೆ. ಆಕೆ ಒಂದೂ ಇಂಗ್ಲಿಷ್ ವಾಕ್ಯ ಇಲ್ಲದೆ ಬಿಡಿಸಿ ಹೇಳಿದಳು. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಅದು ಆಗ ಮದುವೆ ಆಗಿಲ್ಲದವರಿಗೆ ಮಾತ್ರ, ನಿಮಗೆ ಅಷ್ಟರಲ್ಲಿ ಮದುವೆ ಆಗಿತ್ತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಕಾನೂನು ಬಂತು, ಮದುವೆ ಆಗಿದ್ದರೂ ಸಮಪಾಲು. 2015ರಲ್ಲಿ ಪ್ರಕಾಶ್ ವಿರುದ್ಧ ಫೂಲಾವತಿ ಕೇಸಿನಲ್ಲಿ ಸುಪ್ರೀಂ ಕೋರ್ಟು, ಆ ತಾರೀಖಿಗೆ ಅಪ್ಪ ಬದುಕಿರಬೇಕು ಎಂದಿತು. ಅದಕ್ಕೇ ನಿಮಗೆ ಇಲ್ಲ ಅಂದದ್ದು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಅದೇ ಸುಪ್ರೀಂ ಕೋರ್ಟು, ಹಾಗಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಬದುಕಿರಬೇಕಾಗಿಲ್ಲ ಎಂದಿದೆ. "ಆಗ ಇಲ್ಲ ಅಂದವರೂ ಸುಳ್ಳು ಹೇಳಿಲ್ಲ ಅಮ್ಮ. ಈಗ ಐತೆ."

ವಕಾಲತ್ತಿಗೆ ಹೆಬ್ಬೆಟ್ಟು ಒತ್ತುವಾಗ ಮಾತ್ರ ಅವರು, "ಕೋರ್ಟಲ್ಲಿ ಸಾಹೇಬ್ರೇ ನಿಂತ್ಕತಾರೆ ತಾನೆ?" ಎಂದರು.

2021ರಲ್ಲಿ ದಾವೆ ಹಾಕಿದೆವು. ಅಣ್ಣಂದಿರು ಒಂದು ಕಾಗದ ತಂದರು. 2002ರಲ್ಲೇ ಊರ ಹಿರಿಯರ ಮುಂದೆ ಬಾಯಿ ಮಾತಿನ ಪಾಲಾಗಿದೆ, ಅದನ್ನು ನೆನಪಿಗಾಗಿ ಬರೆದಿಟ್ಟ ಪಾಲುಪಟ್ಟಿ ಇದು ಎಂದರು. ಆ ತಾರೀಖು ಸುಮ್ನೆ ಬಂದದ್ದಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಪಾಲನ್ನು ಹೊಸ ಕಾನೂನು ಮುಟ್ಟುವುದಿಲ್ಲ. ಆದರೆ ಆ ಪಾಲು ನೋಂದಣಿ ಆಗಿರಬೇಕು ಅಥವಾ ಕೋರ್ಟಿನ ಡಿಕ್ರಿ ಇರಬೇಕು. ಬಾಯಿ ಮಾತಿನ ಪಾಲನ್ನು ಒಪ್ಪುವುದು ಅಪರೂಪಕ್ಕೆ, ಅದೂ ಸರ್ಕಾರಿ ದಾಖಲೆಗಳ ಬೆಂಬಲ ಇದ್ದರೆ ಮಾತ್ರ ಎಂದು ವಿನೀತಾ ಶರ್ಮಾ ತೀರ್ಪು ಹೇಳುತ್ತದೆ.

ಆ ಕಾಗದವನ್ನು ನಾನು ನಾಲ್ಕು ಸಲ ಓದಿದ್ದೆ. ಸಾಕ್ಷಿಗಳ ಸಹಿ ನೋಡಿದ್ದೆ, ಇಂಕು ನೋಡಿದ್ದೆ. ಆಕೆ ಷೆಡ್ಯೂಲು, ಅಂದರೆ ಜಮೀನುಗಳ ವಿವರದ ಪಟ್ಟಿ ನೋಡಿದಳು. ಒಂದು ಸಂಜೆ ಬಂದು ಕೇಳಿದಳು.

"ಸರ್, ಇದರಲ್ಲಿ ತೋಟ ಅರವತ್ತೊಂದು ಬಾರ್ ಎರಡು ಅಂತ ಇದೆ. ಹಳೇ ಪಹಣಿಯಲ್ಲಿ ಬರೀ ಅರವತ್ತೊಂದು. ಬಾರ್ ಎರಡು ಯಾವಾಗ ಬಂತು?"

ಒಂದು ಸರ್ವೆ ನಂಬರಿನ ಜಮೀನು ಬೇರೆ ಬೇರೆಯವರ ಕೈಯಲ್ಲಿದ್ದರೆ ಸರ್ವೆಯವರು ಅಳತೆ ಮಾಡಿ ಪೋಡಿ, ಅಂದರೆ ಬೇರೆ ಬೇರೆ ಭಾಗ ಮಾಡುತ್ತಾರೆ. ಆಗ "ಬಾರ್ ಎರಡು" ಎಂಬಂಥ ಹಿಸ್ಸಾ ನಂಬರು ಹುಟ್ಟುತ್ತದೆ. ಅದಕ್ಕೆ ಮೊದಲು ಆ ನಂಬರೇ ಇರುವುದಿಲ್ಲ. ಆಕೆ ತಾಲ್ಲೂಕು ಕಚೇರಿಗೆ ಮೂರು ಸಲ ಅಲೆದಳು. ಟಿಪ್ಪಣಿ, ಆಕಾರ್‌ಬಂದ್, ಮ್ಯುಟೇಶನ್, ಹೀಗೆ ಅಳತೆಯ, ಖಾತೆಯ ದಾಖಲೆ ಎಲ್ಲದರ ದೃಢೀಕರಿಸಿದ ನಕಲು ತಂದಳು. ಪೋಡಿ ಆದದ್ದು 2009ರಲ್ಲಿ.

2002ರ ಕಾಗದದಲ್ಲಿ 2009ರ ನಂಬರು.

ಪಾಟೀಸವಾಲು ನೀನೇ ಮಾಡು ಎಂದು ಒಂದು ತಿಂಗಳು ಮೊದಲೇ ಹೇಳಿದೆ. ಕಕ್ಷಿದಾರ ಹೆಂಗಸು ಒಪ್ಪಲಿಲ್ಲ. "ಜಮೀನಿನ ವಿಷ್ಯ ಸಾಹೇಬ್ರೆ, ನೀವೇ ನಿಂತ್ಕಳಿ." ನನ್ನ ಮನಸ್ಸೂ ಅಲ್ಲಾಡಿತು. ಇಷ್ಟು ಒಳ್ಳೆಯ ಪ್ರಶ್ನೆ ಕೈಯಲ್ಲಿರುವಾಗ ತಾನೇ ಕೇಳಬೇಕು ಎನ್ನುವ ಆಸೆ ಯಾವ ವಕೀಲನಿಗೆ ಇರುವುದಿಲ್ಲ? ಕೊನೆಗೆ ಅವರಿಗೆ ನಿಜ ಹೇಳಿದೆ. ಅಮ್ಮಾ, ನಿಮ್ಮ ಫೈಲು ನನಗಿಂತ ಆಕೆಗೇ ಚೆನ್ನಾಗಿ ಗೊತ್ತು.

2023ರ ಜುಲೈ. ಮೊದಲ ದಿನ ಆಕೆ ಹಿರಿಯ ಅಣ್ಣನನ್ನು ಕೇಳಿದ್ದೆಲ್ಲ ಸಪ್ಪೆ ಪ್ರಶ್ನೆಗಳು. ಕಂದಾಯ ಯಾರು ಕಟ್ಟುತ್ತಿದ್ದರು, ತೆಂಗಿನಕಾಯಿ ಯಾರಿಗೆ ಮಾರುತ್ತಿದ್ದಿರಿ, ಮೋಟರಿನ ಬಿಲ್ಲು ಯಾರ ಹೆಸರಲ್ಲಿ. ಎರಡನೆಯ ತಾರೀಖಿಗೆ ಪೋಡಿಗೆ ಬಂದಳು. ಕನ್ನಡದಲ್ಲಿ, ನಿಧಾನವಾಗಿ.

"ನಿಮ್ಮ ಜಮೀನು ಪೋಡಿ ಆಗಿದೆಯಾ?"

"ಆಗೈತೆ."

"ಸರ್ವೆಯವರು ಬಂದಾಗ ನೀವು ಅಲ್ಲಿದ್ದಿರಾ?"

"ಇದ್ದೆ. ಕಲ್ಲು ನೆಡಿಸಿದ್ದೇ ನಾನು."

"ಅದು ಯಾವ ವರ್ಷ?"

"ಒಂಬತ್ತರಲ್ಲಿ ಇರ್ಬೇಕು."

"ಅದಕ್ಕೆ ಮೊದಲು ನಿಮ್ಮ ಪಹಣಿಯಲ್ಲಿ ನಂಬರು ಎಷ್ಟಂತ ಬರುತ್ತಿತ್ತು?"

"ಬರೀ ಅರವತ್ತೊಂದು."

ಪಾಲುಪಟ್ಟಿಯನ್ನು ಅವರ ಕೈಗೆ ಕೊಡಿಸಿದಳು. ತಾರೀಖು ಓದಿಸಿದಳು. ಆಮೇಲೆ ಷೆಡ್ಯೂಲಿನ ಎರಡನೇ ಸಾಲು ಓದಿ ಎಂದಳು. ಅವರು ಕನ್ನಡಕ ಸರಿಮಾಡಿಕೊಂಡು ಜೋರಾಗಿ ಓದಿದರು. "ಅರವತ್ತೊಂದು ಬಾರ್ ಎರಡು…" ಅಲ್ಲಿಗೆ ನಿಲ್ಲಿಸಿದರು.

ಹಾಲಿನಲ್ಲಿ ಸದ್ದಿಲ್ಲ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಕೇಳಿಬಿಡುತ್ತಾಳೆ ಎನಿಸಿತು. ಹಾಗಾದರೆ ಇದು ಇಲ್ಲಿಗೆ ಹೇಗೆ ಬಂತು, ಯಾಕೆ ಬಂತು? ಒಂದು ಬಾಗಿಲು ತೆಗೆದರೆ ಸಾಕು, ಆಮೇಲೆ ಸೇರಿಸಿ ಬರೆಸಿದೆವು ಎಂದೋ ಇನ್ನೇನೋ ವಿವರಣೆ ಬರುತ್ತದೆ. ಆಕೆ ನ್ಯಾಯಾಧೀಶರ ಕಡೆ ತಿರುಗಿದಳು. "ನನ್ನ ಪ್ರಶ್ನೆ ಮುಗಿದಿದೆ." ಕೂತಳು. ಫೈಲು ಮುಚ್ಚುವಾಗ ಕೈ ನಡುಗುತ್ತಿತ್ತು.

2024ರಲ್ಲಿ ಆ ಹೆಂಗಸಿಗೆ ಮೂರನೇ ಒಂದು ಪಾಲು ಎಂದು ಪ್ರಾಥಮಿಕ ಡಿಕ್ರಿ (ಯಾರಿಗೆ ಎಷ್ಟು ಪಾಲು ಎಂದು ಕೋರ್ಟು ಮೊದಲು ಕೊಡುವ ತೀರ್ಮಾನ) ಆಯಿತು. ಆ ಒಂದು ಪ್ರಶ್ನೆಯಿಂದಲೇ ಗೆದ್ದೆವು ಎಂದು ಹೇಳಲಾರೆ. ಖಾತೆ ಬೇರೆ ಆಗಿರಲಿಲ್ಲ, ಕಂದಾಯ ಒಟ್ಟಿಗೇ ಕಟ್ಟುತ್ತಿದ್ದರು, ಪಹಣಿಯೂ ಜಂಟಿಯಾಗಿತ್ತು. ಮೊದಲ ದಿನದ ಸಪ್ಪೆ ಪ್ರಶ್ನೆಗಳಿಂದ ಬಂದ ಉತ್ತರಗಳೂ ತೀರ್ಪಿನಲ್ಲಿ ಅಷ್ಟೇ ಜಾಗ ಪಡೆದಿವೆ.

ಆಮೇಲೆ

2024ರ ಜುಲೈ 1ರಂದು ಮೂರು ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದವು. ಬಾಯಿಪಾಠ ಆಗಿದ್ದ ಕಲಂಗಳೆಲ್ಲ ಬದಲಾದವು. ಕೊಲೆಗೆ 302 ಹೋಗಿ 103, ಮೋಸಕ್ಕೆ 420 ಹೋಗಿ 318. ಮೂವತ್ತು ವರ್ಷದ ಅನುಭವದವರೂ ಅವತ್ತು ಹೊಸಬರೇ. ಆಕೆ ಹಳೆಯ ಕಲಂ ಒಂದು ಕಡೆ, ಹೊಸದು ಇನ್ನೊಂದು ಕಡೆ ಇಟ್ಟು ಕನ್ನಡದಲ್ಲಿ ಒಂದು ಪಟ್ಟಿ ಮಾಡಿದ್ದಳು. ಹಿರಿಯ ವಕೀಲರೊಬ್ಬರು ಬಂದು, "ಅಮ್ಮಾ, ಅದರದೊಂದು ಜೆರಾಕ್ಸ್ ಕೊಡ್ತೀಯಾ?" ಎಂದು ಕೇಳಿದ್ದನ್ನು ನಾನೇ ನೋಡಿದೆ. ಹಿಂದಿನ ಸಾಲಿನ ಕಂಬದ ಪಕ್ಕದಿಂದ ಆಕೆ ಬಹಳ ದೂರ ಬಂದಿದ್ದಳು.

ಆ ವರ್ಷದ ಕೊನೆಗೆ ತಾಲ್ಲೂಕು ಕೇಂದ್ರದಲ್ಲಿ ತನ್ನದೇ ಕಚೇರಿ ತೆರೆದಳು. ಒಂದು ಕೋಣೆ, ಎರಡು ಬೀರು, ಹೊರಗೆ ಹೆಸರಿನ ಬೋರ್ಡು. ಕಾನೂನು ನೆರವಿನ ಪಟ್ಟಿಯಲ್ಲೂ ಇದ್ದಾಳೆ. ಬಾಡಿಗೆ ಹೋಗಿ ಉಳಿಯುವುದು ಇನ್ನೂ ಜಾಸ್ತಿ ಇಲ್ಲ. ಬೋರ್ಡು ನೋಡಿ ಒಳಗೆ ಬಂದು, "ಸಾಹೇಬ್ರು ಎಷ್ಟೊತ್ಗೆ ಬತ್ತಾರೆ?" ಎಂದು ಆಕೆಯನ್ನೇ ಕೇಳುವವರು ವಾರಕ್ಕೆ ಒಬ್ಬರಾದರೂ ಇರುತ್ತಾರಂತೆ. "ನಾನೇ, ಕೂತ್ಕೊಳ್ಳಿ" ಎನ್ನುತ್ತಾಳೆ. ಕೆಲವರು ಕೂರುತ್ತಾರೆ, ಕೆಲವರು ಎದ್ದು ಹೋಗುತ್ತಾರೆ.

ಎರಡನೆಯ ತಿದ್ದುಪಡಿ ಈ ಭಾಗದಲ್ಲಿದೆ. "ಹೀಗೆ ಆಕೆಯ ಹಿಂಜರಿಕೆ ಹೋಯಿತು" ಎಂದು ನಾನು ಬರೆದಿದ್ದೆ. ಆಕೆ ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಬರೆದಳು: "ಹೋಗಿಲ್ಲ ಸರ್. ಇವತ್ತೂ ಎದ್ದು ನಿಲ್ಲೋ ಮೊದಲು ಅಂಗೈ ಒದ್ದೆ ಆಗುತ್ತೆ. ಚೀಟಿ ಇವತ್ತೂ ಬರೀತೀನಿ."

ನನ್ನ ಕಚೇರಿಗೆ ಈಗ ಇಬ್ಬರು ಹೊಸ ಜೂನಿಯರ್‌ಗಳು ಬಂದಿದ್ದಾರೆ. ಮೊದಲ ತಿಂಗಳಿಂದಲೇ ಹಣ ಕೊಡುತ್ತಿದ್ದೇನೆ. ಶಿಫಾರಸಿನಷ್ಟು ಇನ್ನೂ ಇಲ್ಲ, ಅದು ನನ್ನ ಕೊರತೆ. ವಕಾಲತ್ತಿನಲ್ಲಿ ಇಬ್ಬರ ಹೆಸರೂ ಇರುತ್ತದೆ.

ಆ ಅಣ್ಣಂದಿರು ಡಿಕ್ರಿಯ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹೋಗಿದ್ದಾರೆ. ಅಲ್ಲಿ ಸೋತವರು ಹೈಕೋರ್ಟಿಗೂ ಹೋಗಬಹುದು. ಹೈಕೋರ್ಟಿನ ಇಂಗ್ಲಿಷ್ ನೆನೆದು ಆಕೆ ಈಗಿನಿಂದಲೇ ದಿನಾ ಬೆಳಿಗ್ಗೆ ಕಚೇರಿಯ ಬಾಗಿಲು ಹಾಕಿಕೊಂಡು ಒಂದು ತೀರ್ಪನ್ನು ಜೋರಾಗಿ ಓದುತ್ತಾಳೆ. ಅಪೀಲಿನಲ್ಲಿ ಹಾಜರಾಗಲು ಆ ಹೆಂಗಸು ಹೊಸ ವಕಾಲತ್ತು ಕೊಡಬೇಕಿತ್ತು. ಆಕೆ ಎಂದಿನಂತೆ ನನ್ನ ಹೆಸರನ್ನೂ ಬರೆದು ತಂದಿದ್ದಳು. ಹೆಬ್ಬೆಟ್ಟು ಒತ್ತುವ ಮೊದಲು ಅವರು ಯಾರ್ಯಾರ ಹೆಸರೈತೆ ಎಂದು ಕೇಳಿದರು. ಓದಿ ಹೇಳಿದಳು.

"ಸಾಹೇಬ್ರಿಗೆ ಯಾಕವ್ವ ತೊಂದ್ರೆ. ನೀನೊಬ್ಳೇ ಸಾಕು."

ಬೇರೆ ವಕಾಲತ್ತು ಬರೆದು ಫೈಲು ಮಾಡಿದ್ದಾರೆ. ಅದರಲ್ಲಿ ಒಂದೇ ಹೆಸರಿದೆ.